ಕೊಡ ತೊಳಿಯದ ನೀರು ತುಂಬತೀವೇನು?

ಹೋದ ವರ್ಷ ಮಳಿಗಾಲದಾಗ ತಿಕೋಟಾ ಕಡೆ ತಂಗಿ ಮನಿಗಿ ಹೋಗಿದ್ದೆ. ರಾತ್ರಿ ಜೋರು ಮಳಿ ಆಗಿತ್ತು. ಮುಂಜಾನೆ ಎದ್ದು, "ಹಳ್ಳಕ್ಕ ನೀರು ಬಂದಾವ, ನಾಕು ಅರಿವಿ ಒಕ್ಕೊಂಡು ಬರೂಣು ನಡಿ" ಅಂದೆ. ತಂಗಿ, "ಬ್ಯಾಡಕ್ಕಾ, ಇದು ಪಡದಾಗಿಂದ ಹರದ ಬಂದ ನೀರು, ಕೈ ತುರಸ್ತಾವ" ಅಂದ್ಲು. ಹೋಗಿ ನೋಡಿದ್ರ ಜಾಲಿ ಗಿಡದ ಬುಡಕ್ಕ ದ್ರಾಕ್ಷಿಗೆ ಹೊಡಿಯೂ ಎಣ್ಣಿಯ ಖಾಲಿ ಡಬ್ಬಿ ಸಿಕ್ಕೊಂಡಿದ್ವು. ಅದೇ ಹಳ್ಳ ಮುಂದ ಕೆರಿ ಸೇರ್ತದ. ಕೆರಿ ನೀರು ಇಂಗಿ ಬೋರಿಗೆ ಬರ್ತದ. ಬೋರಿನ ನೀರು ನಮ್ಮ ಕೊಡಕ್ಕ.

ನಮ್ಮದು ಬರದ ಜಿಲ್ಲಾ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ಈ ಕಡೆ ಬಂದದ್ದು ಸಣ್ಣ ಮಾತಲ್ಲ. ಕೆರಿ ತುಂಬಿದಾಗ ನಾವೂ ಬಾಗಿನ ಕೊಟ್ಟೇವಿ. ಆದ್ರ ಪೈಪಿನಿಂದ ನೀರು ಬರಾಕ ಹತ್ತಿದ ಮ್ಯಾಲೆ ಹಳ್ಳದ ಕಡೆ ನೋಡೂದ ಬಿಟ್ಟೇವಿ. ಮನಿಯಾಗ ನಾವು ಕೊಡ ತೊಳದು ನೀರು ತುಂಬತೀವಿ. ಕೆರಿಗೆ ಮಾತ್ರ ಆ ಪದ್ಧತಿ ಯಾಕಿಲ್ಲ?

ಹಿಂದಿನವರಿಗೆ ಇದು ತಿಳದಿತ್ತು. ಮಹಮ್ಮದ ಆದಿಲ್‌ಶಾಹಿ ಕಾಲಕ್ಕ, 1651ರಾಗ ಕಟ್ಟಿಸಿದ ಬೇಗಂ ತಲಾಬದಿಂದ ವಿಜಯಪುರಕ್ಕ ಮಣ್ಣಿನ ಕೊಳವಿಯೊಳಗ ನೀರು ಬರ್ತಿತ್ತು. ದಾರಿಯಾಗ 'ಗಂಜ್' ಅನ್ನೂ ಗೋಪುರ ಕಟ್ಟಿದ್ರು. ಅಲ್ಲಿ ನೀರಿನ ಒತ್ತಡ ಇಳೀತಿತ್ತು, ಕೆಸರು ತಳಕ್ಕ ಕೂಡ್ತಿತ್ತು.

ದ್ರಾಕ್ಷಿ ಬೆಳಿಯೂದ ತಪ್ಪು ಅಂತ ನಾ ಅನ್ನಂಗಿಲ್ಲ. ತಂಗಿ ಗಂಡ ಅಂದಂಗ, "ಪಡ ಇಲ್ಲಾಂದ್ರ ಒಲಿ ಹತ್ತಂಗಿಲ್ಲ." ಮಣೂಕ ಮಾರಿನ ಮಕ್ಕಳ ಸಾಲಿ, ಮದುವಿ ಎಲ್ಲಾ ಆಗ್ಯಾವ. ಆದ್ರ ಮೈಲುತುತ್ತ ಮಣ್ಣಾಗ ಉಳೀತದ. ಮಣ್ಣು ಕೊಚ್ಚಿ ಹೋದ್ರ ಅದೂ ಕೆರಿ ಹೂಳಿಗೆ ಹೋಗ್ತದ. ಸರಕಾರಿ ಗೊಬ್ಬರದ ನೈಟ್ರೇಟ್ ನೀರಾಗ ಕರಗ್ತದ. ಕೂಸಿಗೆ ಹಾಲುಪುಡಿ ಕಲಸೂ ತಾಯಂದಿರು ಇದನ್ನ ನೆನಪಿಡ್ರಿ: ನೀರು ಕಾಸಿದ್ರ ನೈಟ್ರೇಟ್ ಹೋಗಂಗಿಲ್ಲ. ನೀರು ಆವಿ ಆದಷ್ಟೂ ಅದು ಗಟ್ಟಿ ಆಗ್ತದ.

ಹಂಗಾರ ನೋಡವ್ರು ಯಾರು? ಕೆರಿಗೆ ಹೊಲಸು ಹಾಕಬಾರದು ಅಂತ 2014ರ ಕಾನೂನು ಅದ. ಜಲಾನಯನ ಯೋಜನೆ ಬಂದ ಊರಾಗ ಗ್ರಾಮಸಭಾದಿಂದ ಜಲಾನಯನ ಸಮಿತಿ ಆಗಬೇಕು. ಅದರಾಗ ಕಮ್ಮಿ ಅಂದ್ರ 10 ಮಂದಿ, ಅವರಾಗ ಅರ್ಧ ಸ್ವಸಹಾಯ ಸಂಘದವರು, ಹೆಣ್ಮಕ್ಕಳು, ಪರಿಶಿಷ್ಟರು, ಭೂಮಿ ಇಲ್ಲದವರು ಇರಬೇಕು ಅಂತ ಮಾರ್ಗಸೂಚಿ ಹೇಳ್ತದ. ಜಲಜೀವನ ಮಿಷನ್ನಿನ್ಯಾಗ ಊರಿಗೆ 5 ಮಂದಿ ಹೆಣ್ಮಕ್ಕಳಿಗೆ ನೀರು ಪರೀಕ್ಷಾ ಮಾಡೂದು ಕಲಿಸಬೇಕು ಅಂತ ಅದ. ನಿಮ್ಮೂರಾಗ ಆ ಐದು ಮಂದಿ ಯಾರು? ನನ್ನ ತಂಗಿಗೆ ಗೊತ್ತಿರಲಿಲ್ಲ. ಪುಸ್ತಕದಾಗ ಸಹಿ ಮಾಡಿಸಿಕೊಂಡು ಹೋಗೂದು ಸಮಿತಿ ಅಲ್ರೀ.

ನಾ ಕೇಳೂದು ಬಾಳ ಇಲ್ಲ. ಮಿರಗಾ ಮಳಿ ಬರೂಕಿಂತ ಮೊದಲು ಸಮಿತಿಯವರು, ಸಂಘದವರು ಕೂಡಿ ಒಂದ ದಿನ ಹಳ್ಳದ ದಂಡಿ ಹಿಡದು ಕೆರಿ ತನಾ ನಡೀಬೇಕು. ಡಬ್ಬಿ ಎಲ್ಲೆಲ್ಲಿ ಬಿದ್ದಾವ, ಗಟಾರ ಎಲ್ಲಿ ಕೂಡ್ತದ, ಒಡ್ಡು ಎಲ್ಲಿ ಒಡದದ ಅಂತ ಬರಕೋಬೇಕು. ಪಡದವರು ಎಣ್ಣಿ ಪಂಪು ಹಳ್ಳದಾಗ ತೊಳೀಬಾರದು, ಒಡ್ಡಿನ ಮ್ಯಾಲೆ ಒಂದೆರಡು ಮಾರು ಹುಲ್ಲು ಬಿಡಬೇಕು. ಹುಲ್ಲು ಮಣ್ಣು ಹಿಡೀತದ, ದನಕ್ಕ ಮೇವಲ್ಲ ಅನ್ನೂದ ಮರೀಬಾರದು. ಮಳಿ ಮುಗದ ಮ್ಯಾಲೆ ಬೋರಿನ ನೀರಿನ ನೈಟ್ರೇಟ್ ನೋಡಿ ಪಂಚಾಯ್ತಿ ಗ್ವಾಡಿಗೆ ಬರೀಬೇಕು. ಊರಿನ ಕಿಟ್ಟಿನ್ಯಾಗ ಎಣ್ಣಿ ಅಂಶ ತಿಳಿಯಂಗಿಲ್ಲ, ಅದನ್ನ ದೊಡ್ಡ ಲ್ಯಾಬಿಗೆ ಕಳಿಸಾಕ ಪಂಚಾಯ್ತಿಯವರನ್ನ ಕೇಳಬೇಕು.

ಮುಂದಿನ ಗ್ರಾಮಸಭಾಕ್ಕ ತಂಗಿ ಓಣಿ ಹೆಣ್ಮಕ್ಕಳನ್ನ ಕರಕೊಂಡು ಹೋಗ್ತೀನಿ ಅಂದಾಳ. ನೀವೂ ಹೋಗ್ರಿ. ಹಿಂದ ಕುಂದರಬ್ಯಾಡ್ರಿ, ಮುಂದ ಕುಂತು "ಆ ಐದು ಮಂದಿ ಯಾರ್ರೀ?" ಅಂತ ಕೇಳ್ರಿ. ಏನಂದ್ರು ಅನ್ನೂದು ನನಗೂ ಹೇಳ್ರಿ.