ಗಣಿತ ಸ್ನಾತಕೋತ್ತರ: ಅಂಕ ಅಳೆಯುವುದೇನನ್ನು?

ಗಣಿತದಲ್ಲಿ ಎಂ.ಎಸ್ಸಿ. ಓದಿದ ವಿದ್ಯಾರ್ಥಿ ನಿಜಕ್ಕೂ ಕಲಿತದ್ದೆಷ್ಟು? ಇದನ್ನು ಅಳೆಯಲು ಮುಖ್ಯವಾಗಿ ಎರಡು ಮಾನದಂಡಗಳಿವೆ: ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆ ಹಾಗೂ ಸಿಎಸ್‌ಐಆರ್-ಯುಜಿಸಿ ನೆಟ್. ಎರಡೂ ಒಂದೇ ತೀರ್ಪು ನೀಡಬೇಕೆಂದಿಲ್ಲ.

ಸೆಮಿಸ್ಟರ್ ಪರೀಕ್ಷೆ ಪ್ರಮೇಯವನ್ನು ನಿರೂಪಿಸಿ, ಸಾಧಿಸಲು ಕೇಳುತ್ತದೆ. ಆದರೆ ಪ್ರಶ್ನೆಗಳು ಪುನರಾವರ್ತನೆಯಾದಲ್ಲಿ ಕಂಠಪಾಠ ಮಾಡಿದವರೂ ಉತ್ತಮ ಅಂಕ ಗಳಿಸಬಲ್ಲರು. 200 ಅಂಕಗಳ ನೆಟ್ ಪತ್ರಿಕೆಯಲ್ಲಿ ಈ ದಾರಿ ಸುಲಭವಲ್ಲ. ಅದರ 'ಸಿ' ಭಾಗದಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯಿರಬಹುದು. ಸರಿಯಾದವೆಲ್ಲವನ್ನೂ ಗುರುತಿಸಿದರೆ 4.75 ಅಂಕ, ಒಂದು ತಪ್ಪಿದರೂ ಶೂನ್ಯ. ಪ್ರತಿ ಹೇಳಿಕೆಗೂ ಸಮರ್ಥನೆಯೋ ಪ್ರತ್ಯುದಾಹರಣೆಯೋ ಹೊಳೆಯಬೇಕು. ಆದರೆ ಆ ತರ್ಕವನ್ನು ಬರೆದು ತೋರಿಸಲು ಅಲ್ಲಿ ಅವಕಾಶವೇ ಇಲ್ಲ. ರಾಜ್ಯದ ಕೆ-ಸೆಟ್ ಕೂಡ ಬಹು ಆಯ್ಕೆಯ ಪರೀಕ್ಷೆಯೇ.

ಕಾಲೇಜು ಅಧ್ಯಾಪಕ ಹುದ್ದೆಯ ಅರ್ಹತೆಗೆ ಇವೇ ಪರೀಕ್ಷೆಗಳು ಹೆಬ್ಬಾಗಿಲು. ಹಾಗಾಗಿ ಸ್ವಂತವಾಗಿ ಒಂದು ಸಾಧನೆಯನ್ನು ಕಟ್ಟಿ ವಿವರಿಸಬಲ್ಲರೇ ಎಂಬುದು ಪರೀಕ್ಷೆಗೊಳಗಾಗದೆಯೇ ಅಭ್ಯರ್ಥಿಗಳು ಕರಿಹಲಗೆಯ ಮುಂದೆ ನಿಲ್ಲುವ ಸಾಧ್ಯತೆಯಿದೆ.

ಪರಿಹಾರ ದುಬಾರಿಯೇನಲ್ಲ. ಆಂತರಿಕ ಮೌಲ್ಯಮಾಪನದ ಒಂದು ಪಾಲನ್ನು, ಹಿಂದೆ ಕಾಣದ ಸಮಸ್ಯೆಯೊಂದನ್ನು ಹಲಗೆಯ ಮೇಲೆ ಬಿಡಿಸುವ ಮೌಖಿಕ ಪರೀಕ್ಷೆಗೆ ಮೀಸಲಿಡಬಹುದು. ಪಕ್ಷಪಾತದ ಶಂಕೆ ಸಹಜ. ಇಬ್ಬರು ಪರೀಕ್ಷಕರು, ಲಿಖಿತ ಮಾನದಂಡಗಳು ಅದನ್ನು ತಗ್ಗಿಸಬಲ್ಲವು. 'ಏಕೆ' ಎಂಬ ಪ್ರಶ್ನೆಗೆ ಅಂಕವಿಲ್ಲದಿದ್ದರೆ, ಅದನ್ನು ಕೇಳುವ ಅಭ್ಯಾಸವೂ ಉಳಿಯದು.