ಹಿಮವಂತನ ಆಚೆಯ ಬೀಗರು

ಬಂಧುಗಳ ಮನೆಗೆ ಹೋಗದಿರುವುದಕ್ಕೆ ದೂರವು ಬಹಳ ಅನುಕೂಲವಾದ ನೆಪ. ಆ ನೆಪವನ್ನು ಮುಂದಿಟ್ಟುಕೊಂಡು ನಾವು ನಾಲ್ಕು ವರ್ಷಕಾಲ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಮೈಸೂರಿಗೆ ಓದಲು ಬಂದಿದ್ದ ಲದಾಖಿನ ಬೌದ್ಧ ತರುಣನೊಬ್ಬನನ್ನು ಅವಳು ವರಿಸಿದಳು. ನಾವು ಮದುವೆಗೂ ಹೋಗಲಿಲ್ಲ, ಹರಸಿ ಒಂದು ಕಾಗದವನ್ನೂ ಬರೆಯಲಿಲ್ಲ. ಕಳೆದ ಶ್ರಾವಣದಲ್ಲಿ ನಮ್ಮ ಮನೆಯವರು, “ಮೊಮ್ಮಗಳಿಗೆ ಎರಡು ವರ್ಷ ತುಂಬುತ್ತ ಬಂತು. ನೀವು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ” ಎಂದುಬಿಟ್ಟರು. ಹೊರಡದೆ ಗತಿಯಿರಲಿಲ್ಲ.

ಲೇಹ ಪಟ್ಟಣವು ಸುಮಾರು 11,500 ಅಡಿಗಳ ಎತ್ತರದಲ್ಲಿದೆ. ವಿಮಾನದಲ್ಲಿ ಹೋಗಿ ಥಟ್ಟನೆ ಇಳಿದರೆ ವಯಸ್ಸಾದ ದೇಹ ಸಹಿಸುವುದು ಕಷ್ಟ. ಶ್ರೀನಗರದಿಂದ ರಸ್ತೆಯಲ್ಲಿ ಬಂದು ನಡುವೆ ಕಾರ್ಗಿಲಿನಲ್ಲಿ ಒಂದು ರಾತ್ರಿ ತಂಗಬೇಕೆಂದು ಆ ಹುಡುಗನೇ ಮಗಳ ಮೂಲಕ ಹೇಳಿಕಳುಹಿಸಿದನು. ವೈದ್ಯರೂ ಅದನ್ನೇ ಹೇಳಿದರು. ದಾರಿ ಸುಮಾರು 420 ಕಿಲೋಮೀಟರು.

ಸೋನಮರ್ಗದವರೆಗೆ ನಮಗೆ ಎಲ್ಲವೂ ಪರಿಚಿತವೆಂಬಂತೆ ತೋರಿತು. ಕುಮಾರಸಂಭವದ ಮೊದಲ ಸರ್ಗವನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು. ಅಲ್ಲಿ ವರ್ಣಿತವಾದ ಭೂರ್ಜವೃಕ್ಷಗಳೂ ಸಾನುಗಳಿಗೆ ತೊಡರಿದ ಮೇಘಗಳೂ ಕಣ್ಣೆದುರಿಗೇ ಇದ್ದವು. ಮುಂದೆ ಜೋಜಿಲಾ ಘಟ್ಟ, 11,575 ಅಡಿ. ಒಂದು ಕಡೆ ಬಂಡೆ, ಮತ್ತೊಂದು ಕಡೆ ಪಾತಾಳ. ಎದುರಿಗೆ ಲಾರಿ ಬಂದಾಗಲೆಲ್ಲ ನಮ್ಮ ಮನೆಯವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಘಟ್ಟವನ್ನು ದಾಟಿದ ಮೇಲೆ ನೋಡುತ್ತೇವೆ, ಮರವೆಂಬುದೇ ಇಲ್ಲ! ಮಳೆಗಾಲದ ಮೋಡಗಳು ಹಿಮವಂತನ ಈಚೆಯ ಮಗ್ಗುಲಿನಲ್ಲಿಯೇ ನೀರನ್ನೆಲ್ಲ ಸುರಿಸಿಬಿಡುವುದರಿಂದ ಆಚೆಯದು ಮಳೆನೆರಳಿನ ನಾಡು. ಲೇಹದಲ್ಲಿ ವರ್ಷವಿಡೀ ಬೀಳುವ ಮಳೆ-ಹಿಮಗಳ ನೀರು ಸುಮಾರು 4 ಅಂಗುಲ ಮಾತ್ರ. ಕಂದು, ನಸುಗೆಂಪು, ಬೂದಿಬಣ್ಣದ ಬೆತ್ತಲೆ ಬೆಟ್ಟಗಳು. ಮೇಲೆ ಕಡುನೀಲಿಯ ಆಕಾಶ. ನಾವು ಪಾಠ ಹೇಳಿದ್ದು ಅರ್ಧ ಹಿಮಾಲಯವನ್ನು ಮಾತ್ರವೆಂದು ಅಂದು ತಿಳಿಯಿತು.

ದ್ರಾಸಿನಲ್ಲಿ 1999ರ ಯುದ್ಧದಲ್ಲಿ ಮಡಿದ ಯೋಧರ ಸ್ಮಾರಕಕ್ಕೆ ಕೈಮುಗಿದು, ಸಂಜೆಗೆ ಕಾರ್ಗಿಲನ್ನು ಸೇರಿದೆವು. ಆ ಹುಡುಗನು ಅಲ್ಲಿಯೇ ಬಂದು ಕಾದಿದ್ದನು. “ನಮಸ್ಕಾರ ಮಾವನವರೇ, ಆಯಾಸವಾಯಿತೇ?” ಎಂದು ಕನ್ನಡದಲ್ಲಿ ಕೇಳಿದನು. “ಇಲ್ಲ” ಎಂದೆವು. ಅದಕ್ಕಿಂತ ಹೆಚ್ಚಿನ ಮಾತು ನಮ್ಮ ಬಾಯಿಂದ ಹೊರಡಲಿಲ್ಲ.

ಮರುದಿನ ಮುಲ್ಬೇಖಿನಲ್ಲಿ, ರಸ್ತೆಯ ಪಕ್ಕದ ಬಂಡೆಯಲ್ಲಿ ಕಡೆದ ಸುಮಾರು 30 ಅಡಿ ಎತ್ತರದ ಮೈತ್ರೇಯಮೂರ್ತಿಯನ್ನು ಕಂಡೆವು. ಆ ಶಬ್ದವು ಮೈತ್ರಿಗೆ ಹೇಗೆ ಸಂಬಂಧಪಟ್ಟದ್ದೆಂದು ಮೇಷ್ಟರ ಚಾಳಿಯಿಂದ ವಿವರಿಸತೊಡಗಿದೆವು. ಅವನು ತಲೆತಗ್ಗಿಸಿ ಕೇಳುತ್ತಿದ್ದನು. ನಮ್ಮ ಮಾತು ನಮಗೇ ಚುಚ್ಚಿ ಅರ್ಧದಲ್ಲಿ ನಿಲ್ಲಿಸಿದೆವು.

ಫೋಟುಲಾ ಈ ಹಾದಿಯ ಅತ್ಯುನ್ನತ ಸ್ಥಳ, 13,479 ಅಡಿ. ಅಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ 5ರಲ್ಲಿ 3 ಪಾಲು ಮಾತ್ರ. ನಮ್ಮ ಮನೆಯವರಿಗೆ ಉಸಿರು ಕಟ್ಟಿತು, ತುಟಿ ಬಿಳಿಚಿತು. ನಾವು ಕಂಗಾಲಾಗಿ ಗಾಡಿ ನಿಲ್ಲಿಸೆಂದು ಕೂಗಿದೆವು. ಅವನು, “ನಿಲ್ಲಿಸಬಾರದು ಮಾವನವರೇ, ಇಳಿಯುವುದೇ ಮದ್ದು” ಎಂದು ಚಾಲಕನನ್ನು ಮುಂದೆ ಸಾಗಿಸಿ, ಅತ್ತೆಯ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು, ಹೆತ್ತ ಮಗನಂತೆ ಅಂಗೈ ತಿಕ್ಕುತ್ತ ಕುಳಿತನು. ಲಾಮಯೂರಿನ ಹಳದಿ ಮಣ್ಣಿನ ದಿಬ್ಬಗಳು ಕಾಣುವ ಹೊತ್ತಿಗೆ ಅವರ ಉಸಿರು ಹದಕ್ಕೆ ಬಂದಿತು. ಆ ದಿಬ್ಬಗಳು ಪುರಾತನವಾದ ಸರೋವರವೊಂದರ ತಳವಂತೆ. ಅದನ್ನು ತಿಳಿಸಿದವರು ನಮ್ಮ ಅಳಿಯಂದಿರು. ಹೌದು, ಅಲ್ಲಿಂದ ಮುಂದೆ ಅವರು ನಮಗೆ ಅಳಿಯಂದಿರು.

ಖಲ್ಸಿಯ ಬಳಿ ಸಿಂಧುನದಿ ಸಿಕ್ಕಿತು. ಸ್ನಾನಕಾಲದಲ್ಲಿ ನಿತ್ಯವೂ ಕಾವೇರಿಯ ಪಕ್ಕದಲ್ಲಿಯೇ ಆ ಹೆಸರನ್ನು ಹೇಳುತ್ತ ಬಂದವರಿಗೆ ಅದರ ದಡದ ಮನೆಯು ಪರಸ್ಥಳವೆನಿಸಿತ್ತಲ್ಲ!

ಬೀಗರದು ಬೇಸಾಯದ ಮನೆತನ. ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಜವೆಗೋದಿ ಬೆಳೆಯುತ್ತಾರೆ; ಯಾರ ಹೊಲಕ್ಕೆ ಎಷ್ಟು ನೀರೆಂದು ನೋಡಿಕೊಳ್ಳುವ ಚುರ್ಪೋನ್ ಎಂಬವನಿದ್ದಾನೆ. ಬೀಗಿತಿಯು ಉಪ್ಪುಬೆಣ್ಣೆ ಹಾಕಿ ಕಡೆದ ಚಹಾದೊಡನೆ ಹುರಿದ ಜವೆಯ ಹಿಟ್ಟನ್ನು ತಂದಿಟ್ಟರು. ಸಂಸ್ಕೃತದ ಸಕ್ತು, ನಮ್ಮ ಹುರಿಹಿಟ್ಟು! ಮೊಮ್ಮಗಳು ಅದರಲ್ಲಿ ಒಂದು ಉಂಡೆ ಕಟ್ಟಿ, “ತಾತಾ, ತಿನ್ನು” ಎಂದಿತು. ಮಗಳು ಮಾತಾಡಲಿಲ್ಲ; ಸೆರಗಿನಿಂದ ಕಣ್ಣೊರಸಿಕೊಂಡಳು.

“ನಾಲ್ಕು ವರ್ಷ ತಡವಾಗಿ ಬಂದೆವು, ಕ್ಷಮಿಸಬೇಕು” ಎಂದು ಬೀಗರಿಗೆ ಹೇಳಿದೆವು. ಅಳಿಯಂದಿರು ಅದನ್ನು ಅವರ ಭಾಷೆಯಲ್ಲಿ ಹೇಳಿದರು. ವೃದ್ಧರು ಉತ್ತರ ಕೊಡಲಿಲ್ಲ. ನಮ್ಮ ಬಟ್ಟಲಿಗೆ ಮತ್ತೆ ಚಹಾ ತುಂಬಿದರು.

ಈ ದಾರಿಯಲ್ಲಿ ಹೋಗುವ ವಾಚಕರು ಬೇಸಗೆಯಲ್ಲಿ ಹೊರಡಲಿ. ಹೃದಯದ ಅಥವಾ ಶ್ವಾಸದ ಬೇನೆಯಿದ್ದರೆ ವೈದ್ಯರನ್ನು ಕೇಳಲಿ. ಲೇಹದಲ್ಲಿ ಮೊದಲೆರಡು ದಿನ ವಿಶ್ರಮಿಸಲಿ. ಆದರೆ ಮಕ್ಕಳ ಮನೆಗೆ ಹೋಗಬೇಕಾಗಿದ್ದರೆ ನಮ್ಮಂತೆ ನಾಲ್ಕು ವರ್ಷ ಕಾಯದಿರಲಿ.