ಕಾಳಜಿ ಕೇಂದ್ರಕ್ಕೆ ಅಕ್ಕಿ ಜೊತೆ ಉಲನ್ನೂ ಬರಲಿ

ಮಳೆಗಾಲ ಬಂತೆಂದರೆ ಕೊಡಗಿನಲ್ಲಿ ಕಾಳಜಿ ಕೇಂದ್ರದ ಮಾತು ಶುರು. ಅಕ್ಕಿ ಎಷ್ಟು, ಬೇಳೆ ಎಷ್ಟು, ಕಂಬಳಿ ಎಷ್ಟು, ಚಾಪೆ ಎಷ್ಟು, ಔಷಧಿ ಎಷ್ಟು. ಎಲ್ಲವೂ ಬೇಕಾದದ್ದೇ, ತಕರಾರಿಲ್ಲ. ಹೊಟ್ಟೆ ತುಂಬಬೇಕು, ಮೈ ಬೆಚ್ಚಗಿರಬೇಕು. ಆದರೆ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ರಾತ್ರಿ ಊಟದ ತನಕ ಅಲ್ಲಿ ಕೂತವರು ಮಾಡುವುದೇನು? ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

2018ರ ಆಗಸ್ಟ್ ತಿಂಗಳನ್ನು ಜಿಲ್ಲೆ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ, ಕಾಲೂರು ಕಡೆ ಗುಡ್ಡ ಜರಿದು ಮನೆ, ತೋಟ, ರಸ್ತೆ ಎಲ್ಲ ಕೆಸರಿನ ಪಾಲಾದವು. ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆಯವರು ಮನೆ ಬಿಟ್ಟರು. ಇಂಥ ಹೊತ್ತಿನಲ್ಲಿ ಗಂಡಸರು ಹೇಗೋ ತಾಲ್ಲೂಕು ಕಚೇರಿ, ಬ್ಯಾಂಕು ಅಂತ ಓಡಾಡಿಕೊಂಡಿರುತ್ತಾರೆ. ಹೆಂಗಸರು, ಮುದುಕಿಯರು, ಮಕ್ಕಳು ಶಾಲೆ ಕೋಣೆಯ ಗೋಡೆ ನೋಡುತ್ತ ಕೂರಬೇಕು. ಟಿ.ವಿ. ಹಾಕಿದರೆ ಅದೇ ಕುಸಿದ ಗುಡ್ಡ. ಮೊಬೈಲ್ ತೆಗೆದರೂ ಅದೇ. ಕೈಗೆ ಕೆಲಸವಿಲ್ಲದಾಗ ತಲೆ ಸುಮ್ಮನಿರುತ್ತದೆಯೇ?

ಆ ಕೈಗಳಿಗೆ ಒಂದು ಉಂಡೆ ಉಲನ್, ಒಂದು ಜೊತೆ ಕಡ್ಡಿ ಕೊಟ್ಟು, ಒಂದೊಂದು ಗೊಂಬೆ ಹೆಣೆಯಿರಿ ಅಂದರೆ ಹೇಗೆ?

'ಮನೆ ಬಿದ್ದವರಿಗೆ ಗೊಂಬೆ ಆಟವಾ ಸ್ವಾಮಿ?' ಅಂತ ನಗುವವರು ಇದ್ದೇ ಇರುತ್ತಾರೆ. ನಗಲಿ. ನಗುವ ಮೊದಲು ಎರಡು ಸಂಗತಿ ಕೇಳಲಿ.

ಮೊದಲನೆಯದು ಕೆನಡಾ ದೇಶದ್ದು. ಆ ದೇಶದ ಸೈನಿಕ ಮಾರ್ಕ್ ಇಸ್‌ಫೆಲ್ಡ್ 1990ರ ದಶಕದ ಮೊದಲಲ್ಲಿ ಶಾಂತಿಪಾಲನಾ ಪಡೆಯ ಜೊತೆ ಯುದ್ಧದಿಂದ ಹಾಳಾಗಿದ್ದ ಕ್ರೊಯೇಷಿಯಾಕ್ಕೆ ಹೋಗಿದ್ದ. ನೆಲದಲ್ಲಿ ಹೂತ ಸ್ಫೋಟಕ ತೆಗೆಯುವುದು ಅವನ ಕೆಲಸ. ಮುರಿದು ಬಿದ್ದ ಮನೆಗಳ ನಡುವೆ ಯಾವುದೋ ಮಗುವಿನ ಗೊಂಬೆ ಬಿದ್ದಿದ್ದು ಅವನ ಕಣ್ಣಿಗೆ ಬಿತ್ತು. ಇದು ತಿಳಿದ ತಾಯಿ ಕ್ಯಾರೊಲ್ ಊರಲ್ಲೇ ಕೂತು ಉಲನ್ನಿನಲ್ಲಿ ಪುಟ್ಟ ಪುಟ್ಟ ಗೊಂಬೆ ಹೆಣೆದು ಮಗನಿಗೆ ಕಳಿಸಿದಳು. ಅವನು ಅವನ್ನು ಅಲ್ಲಿನ ಮಕ್ಕಳಿಗೆ ಹಂಚಿದ. 1994ರ ಜೂನ್ 21ರಂದು ಅದೇ ಸ್ಫೋಟಕ ಅವನ ಜೀವ ತೆಗೆಯಿತು. ಮಗ ಹೋದ ಮೇಲೂ ತಾಯಿ ಕಡ್ಡಿ ಕೆಳಗಿಡಲಿಲ್ಲ. ಮಗನ ಜೊತೆಯ ಸೈನಿಕರೂ ಗೊಂಬೆ ಬೇಕೆಂದು ಕೇಳಿದರು. ಮಗನ ಅಡ್ಡಹೆಸರು 'ಇಜ್ಜಿ'. ಆ ಗೊಂಬೆಗಳಿಗೂ ಅದೇ ಹೆಸರು ನಿಂತಿತು. ಇಂದಿಗೂ ಕೆನಡಾದಲ್ಲಿ ಎಷ್ಟೋ ಮಂದಿ ಅವನ್ನು ಹೆಣೆದು ಕಷ್ಟದಲ್ಲಿರುವ ಮಕ್ಕಳಿಗೆ ಕಳಿಸುತ್ತಾರೆ.

ಎರಡನೆಯದು ಪಕ್ಕದ ತಮಿಳುನಾಡಿನದು. 2004ರ ಡಿಸೆಂಬರ್ 26ರ ಸುನಾಮಿ ಕಳೆದ ಮೇಲೆ ಪುದುಚೇರಿ ಸಮೀಪದ ಕರಾವಳಿಯ ಮೀನುಗಾರ ಹೆಂಗಸರು ಕೈ ಚೆಲ್ಲಿ ಕೂತಿದ್ದರು. ಆರೋವಿಲ್‌ನ 'ಉಪಾಸನಾ' ಎಂಬ ಬಟ್ಟೆ ವಿನ್ಯಾಸ ಸಂಸ್ಥೆಯವರು ಅವರಿಗೆ ಚೂರು ಬಟ್ಟೆ ಕೊಟ್ಟು ಬೆರಳುದ್ದದ ಗೊಂಬೆ ಮಾಡಲು ಕಲಿಸಿದರು. ಹೆಸರು 'ಸುನಾಮಿಕಾ'. ಮಾಡಿದ ಹೆಂಗಸರಿಗೆ ಕೂಲಿ ಸಿಕ್ಕಿತು. ಗೊಂಬೆಗೆ ಮಾತ್ರ ಬೆಲೆ ಕಟ್ಟಲಿಲ್ಲ. ಅದು ಮಾರುವ ಸರಕಲ್ಲ, ಕೊಡುವ ಉಡುಗೊರೆ ಅಂದರು. ತೆಗೆದುಕೊಂಡವರು ಮನಸ್ಸು ಬಂದಷ್ಟು ದುಡ್ಡು ಕೊಟ್ಟರು. ಹಾಗೇ ಲಕ್ಷಗಟ್ಟಲೆ ಗೊಂಬೆಗಳು ದೇಶ ದೇಶ ಸುತ್ತಿದವು.

ಈ ಎರಡರಲ್ಲೂ ಯಾರ ಕಷ್ಟವೂ ಗೊಂಬೆಯಿಂದ ಮಾಯವಾಗಲಿಲ್ಲ. ಹೋದ ಮಗ ಬರಲಿಲ್ಲ, ಕೊಚ್ಚಿ ಹೋದ ದೋಣಿ ಬರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ಮಾಡಲು ಒಂದು ಕೆಲಸ ಇತ್ತು. ಸಂಜೆ ಹೊತ್ತಿಗೆ ಕಣ್ಣೆದುರು ಒಂದು ವಸ್ತು ಇತ್ತು. ಕಷ್ಟದಲ್ಲಿರುವವನಿಗೆ ಇದು ಸಣ್ಣ ಮಾತಲ್ಲ.

ಹೆಣೆಯುವ ಕೆಲಸದ ಗುಣವೇ ಅಂಥದು. ಎರಡು ಕೈಗೂ ದುಡಿಮೆ. ಕುಣಿಕೆ ಎಣಿಸುತ್ತಿರಬೇಕಾದ್ದರಿಂದ ತಲೆಗೂ ದುಡಿಮೆ. ಹಾಗಂತ ಪಕ್ಕದವರ ಜೊತೆ ಮಾತಿಗೆ ಅಡ್ಡಿಯಿಲ್ಲ. ತಪ್ಪಾಯಿತೋ, ಎಳೆದು ಬಿಚ್ಚಿ ಮತ್ತೆ ಹೆಣೆದರಾಯಿತು, ದಾರ ದಂಡವಾಗದು. 2013ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆಯಲ್ಲಿ ನಾನಾ ದೇಶಗಳ 3,545 ಹೆಣೆಯುವವರನ್ನು ವಿಚಾರಿಸಿದ್ದರು. ಹೆಚ್ಚು ಸಲ ಕಡ್ಡಿ ಹಿಡಿಯುವವರು ಹೆಚ್ಚು ನೆಮ್ಮದಿ ಅಂದರು. ಇದು ಹೆಣೆಯುವವರೇ ತಮ್ಮ ಬಗ್ಗೆ ಹೇಳಿದ ಮಾತು, ವೈದ್ಯರ ಚೀಟಿಯಲ್ಲ. ನಿದ್ದೆ ಬಾರದೆ, ಊಟ ಸೇರದೆ ಒದ್ದಾಡುವವರಿಗೆ ಡಾಕ್ಟರೇ ಬೇಕು. ಆದರೆ ಡಾಕ್ಟರು ಬಂದು ಹೋದ ಮೇಲೆ ಉಳಿದ ಹೊತ್ತಿಗೆ ಕಡ್ಡಿ ಇರಲಿ ಅಷ್ಟೇ.

ಗೊಂಬೆಯೇ ಯಾಕೆ, ಸ್ವೆಟರ್ ಆಗದೇ ಅಂತ ಕೇಳಬಹುದು. ಸ್ವೆಟರ್ ಮುಗಿಯಲು ವಾರಗಟ್ಟಲೆ ಬೇಕು, ಅಳತೆ ತಪ್ಪಿದರೆ ಕೆಟ್ಟಿತು. ಗೊಂಬೆಗೆ ಅಳತೆಯ ಹಂಗಿಲ್ಲ. ಅಂಗೈ ಅಗಲದ ಒಂದು ಪಟ್ಟಿ ಸಾಕು. ಕೆಳಗಿಂದ ಮೇಲಕ್ಕೆ ಬಣ್ಣ ಬದಲಿಸುತ್ತ ಹೋದರೆ ಶೂಸು, ಚಡ್ಡಿ, ಅಂಗಿ, ಮುಖ, ಟೋಪಿ ಎಲ್ಲ ಅದರಲ್ಲೇ ಬಂತು. ಪಟ್ಟಿಯನ್ನು ಸುತ್ತಿ ಬದಿ ಹೊಲಿದು ಹತ್ತಿಯನ್ನೋ ಚಿಂದಿಯನ್ನೋ ತುಂಬಬೇಕು. ಕತ್ತಿನ ಜಾಗದಲ್ಲಿ ದಾರ ಪೋಣಿಸಿ ಬಿಗಿದರೆ ತಲೆ ಆಯಿತು. ಕಣ್ಣು ಬಾಯಿ ದಾರದಲ್ಲೇ ಹೊಲಿಯಬೇಕು. ಗುಂಡಿ ಹಾಕಿದರೆ ಸಣ್ಣ ಮಕ್ಕಳು ಕಿತ್ತು ನುಂಗುವ ಭಯ. ಕಲಿತ ಕೈಗೆ ಎರಡು ಮೂರು ದಿನದ ಕೆಲಸ. ತಾಯಿ ಹೆಣೆದದ್ದು ಅದೇ ಕೋಣೆಯ ಮಗುವಿನ ಕೈ ಸೇರುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಗೊಂಬೆ ನೋಡಿದ ಕೂಡಲೇ ಯಾರಾದರೂ 'ಸ್ವಯಂ ಉದ್ಯೋಗ' ಅಂತ ಬೋರ್ಡು ಬರೆಸಿ, ಫೋಟೋ ತೆಗೆಸಿ, ದಿನಕ್ಕೆ ಇಷ್ಟು ಗೊಂಬೆ ಅಂತ ಲೆಕ್ಕ ಕೇಳಲು ನಿಂತರೆ ಕೆಲಸ ಕೆಟ್ಟಂತೆ. ಆಮೇಲೆ ಅದು ಸಮಾಧಾನವಲ್ಲ, ಇನ್ನೊಂದು ತಲೆನೋವು. ವ್ಯಾಪಾರದ ಲೆಕ್ಕದಲ್ಲಿ ಕೈಯಲ್ಲಿ ಹೆಣೆದ ಗೊಂಬೆ ಗಿಟ್ಟುವ ಮಾಲಲ್ಲ. ಅಂಗಡಿ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮಾರುವ ಇಷ್ಟವಿದ್ದವರು ಮಾರಲಿ, ಒತ್ತಾಯ ಮಾತ್ರ ಬೇಡ. ಗೊಂಬೆ ಕೊಟ್ಟೆವಲ್ಲ ಅಂತ ಪರಿಹಾರದ ಫೈಲು ಮೂಲೆಗೆ ಹಾಕುವುದಂತೂ ಬೇಡವೇ ಬೇಡ. ಮನೆ ಹೋದವರಿಗೆ ಮೊದಲು ಮನೆ ಆಗಬೇಕು, ಆಮೇಲೆ ಉಳಿದದ್ದು.

ಖರ್ಚೇನೂ ಭಾರಿ ಅಲ್ಲ. ಒಂದು ಗೊಂಬೆಯ ಉಲನ್ನು, ಒಂದು ಜೊತೆ ಕಡ್ಡಿ ಸೇರಿಸಿದರೂ ಹೋಟೆಲಿನಲ್ಲಿ ಇಬ್ಬರು ಹೊಟ್ಟೆ ತುಂಬ ಉಂಡಷ್ಟಾಗದು. ಕಡ್ಡಿ ವರ್ಷಾನುಗಟ್ಟಲೆ ಬರುತ್ತದೆ. ಮಡಿಕೇರಿ, ಸೋಮವಾರಪೇಟೆ, ಕುಶಾಲನಗರದ ಉಲನ್ ಅಂಗಡಿಯವರು ಮಾರಾಟವಾಗದೆ ಕೂತ ಬಣ್ಣದ ಉಂಡೆಗಳನ್ನು ಒಂದು ಚೀಲಕ್ಕೆ ಹಾಕಿಟ್ಟರೆ ಅರ್ಧ ಕೆಲಸ ಆಯಿತು. ಕಲಿಸುವವರಿಗೂ ಬರವಿಲ್ಲ. ಚಳಿ ಊರಿದು, ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆದ ಅಜ್ಜಿಯರು ಎಷ್ಟೋ ಬೀದಿಯಲ್ಲಿದ್ದಾರೆ. ದಿನಾ ಬಸ್ಸಿನಲ್ಲಿ ಕಚೇರಿಗೆ ಹೋಗಿ ಬರುವ ಹೆಂಗಸರಲ್ಲೂ ಕಡ್ಡಿ ಹಿಡಿಯಬಲ್ಲವರಿದ್ದಾರೆ. ವಾರಕ್ಕೊಂದು ಭಾನುವಾರ ಎರಡು ಗಂಟೆ ಕೊಟ್ಟರೆ ಸಾಕು.

ಮುಂದಿನ ಮಳೆಗೆ ಅಕ್ಕಿ ಮೂಟೆ ಲಾರಿಗೆ ಏರುವಾಗ ಮೂಲೆಯಲ್ಲಿ ಒಂದು ಚೀಲ ಉಲನ್ನಿಗೂ ಜಾಗ ಇರಲಿ. ಜಿಲ್ಲಾಡಳಿತದವರು ಗಮನಿಸುವರೇ?